ನೆರಿಸ್ಕಾಳ ಬಾಯಲ್ಲಿ ಅಬೀದಾಳ ಹಾಡು

ಸತ್ತೂರಿನ ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಅಲ್ಫಿಯಾ ಎಂದರೆ ಕೈ ನಡುಗದ ಹೆಂಗಸು ಎಂದೇ ಹೆಸರು. ಮೂಳೆ ಮುರಿದುಕೊಂಡು ಬಂದವರು ಅಳಲಿ, ಚೀರಲಿ, ಬೈಯಲಿ, ಆಕೆ ತನ್ನ ಪಾಡಿಗೆ ಕೈಯನ್ನೋ ಕಾಲನ್ನೋ ಹೂವಿನಂತೆ ಎತ್ತಿ ಎಲ್ಲಿಡಬೇಕೋ ಅಲ್ಲಿಟ್ಟು, "ಅಲ್ಲಾಡಬ್ಯಾಡ್ರಿ, ಮುಗೀತು" ಎಂದು ಮುಗಿಸಿಬಿಡುತ್ತಿದ್ದಳು. ಆ ಸೋಮವಾರ ಮಾತ್ರ ಆಕೆಯ ಕೈ ತಪ್ಪಿತು.

ಮೇಜಿನ ಮುಂದೆ ಕುಳಿತವಳು ಜಯಾ ಎಂಬ ಇಂಜಿನಿಯರಿಂಗ್ ಹುಡುಗಿ. ಸ್ಕೂಟಿಯಿಂದ ಬಿದ್ದು ಎಡಗೈ ಮಣಿಕಟ್ಟು ಊದಿತ್ತು. ನೋವು ಮರೆಯಲೆಂದು ಬಲಗೈಯಲ್ಲಿ ಮೊಬೈಲ್ ಹಿಡಿದು ಏನೋ ನೋಡುತ್ತಿದ್ದಳು. ಅಲ್ಫಿಯಾ ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸುತ್ತಿದ್ದಾಗ ಆ ಮೊಬೈಲಿನಿಂದ ಒಂದು ಹಾಡು ಬಂತು. ಹಾಡು ಎನ್ನುವುದಕ್ಕಿಂತ ಗುನುಗು. ಯಾವಳೋ ಪರದೇಶದ ಗಾಯಕಿಯ ನುಣುಪಾದ ದನಿ, ಹಿಂದೆ ಪಿಟೀಲುಗಳು. ಆದರೆ ಧಾಟಿ? ಆ ಧಾಟಿಯಲ್ಲಿ ಹಾಡುತ್ತಿದ್ದವಳು ಈ ಭೂಮಿಯ ಮೇಲೆ ಒಬ್ಬಳೇ ಇದ್ದಳು. ಅಲ್ಫಿಯಾಳ ತಾಯಿ ಅಬೀದಾ. ಆಕೆ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು.

"ತಡಿ ತಡಿ ಬಸ್ಸೇ..." ಎಂದಿತು ಮೊಬೈಲು, ನಾಲಿಗೆ ಹೊರಳದ ಉಚ್ಚಾರದಲ್ಲಿ.

ಅಲ್ಫಿಯಾಳ ಹಿಡಿತ ತಪ್ಪಿ ಹುಡುಗಿಯ ಕೈ ಮೇಜಿಗೆ ಬಡಿಯಿತು. ಜಯಾ ಹಲ್ಲು ಕಚ್ಚಿದಳು.

"ಏನದು? ಏನ್ ಹಚ್ಚೀಯವಾ ನೀ?"

"ಸಾರಿ ಮೇಡಂ, ಬಂದ್ ಮಾಡ್ತೇನ್ರಿ."

"ಬಂದ್ ಮಾಡಬ್ಯಾಡ. ಅದೇನು ಹೇಳು."

"ಗೇಮ್ ರಿ ಮೇಡಂ. ಬ್ಲ್ಯಾಕ್ ಕೆನಾಲ್ ಅಂತ. ಹಳೇ ಗೇಮನ್ನ ಹೊಸದಾಗಿ ಮಾಡಾಕತ್ತಾರ. ಇದು ಅದರ ಜಾಹೀರಾತು." ಜಯಾ ಪರದೆಯನ್ನು ತಿರುಗಿಸಿದಳು. ಕಪ್ಪು ನೀರು, ಮುರುಕು ದೋಣಿ, ದೋಣಿಯ ಎಂಜಿನ್ನಿನ ಮೇಲೆ ಬಾಗಿ ನಟ್ಟು ಬಿಗಿಯುವ ಪಾನಾ ತಿರುಗಿಸುತ್ತಿರುವ ಒಬ್ಬ ಹೆಂಗಸು. "ಈಕಿ ನೆರಿಸ್ಕಾ. ಈ ಹಾಡು ಭಾಳ ಫೇಮಸ್ ರಿ. ಕಾಲುವಿ ಮಂದಿಯ ಹಳೇ ಭಾಷಾದಾಗ ಐತಿ. ತಡಿ ಅಂದ್ರ ದಂಡಿ, ಬಸ್ಸೇ ಅಂದ್ರ ನೀರಿನ ದೇವತಿ ಅಂತ."

"ಇದು ಕನ್ನಡಾ," ಎಂದಳು ಅಲ್ಫಿಯಾ.

ಜಯಾ ನಕ್ಕಳು, ಹಿರಿಯರು ಏನೋ ತಪ್ಪು ಹೇಳಿದಾಗ ನಗುವಂತೆ. "ಹಂಗ ಕೇಳಸ್ತದ್ರಿ ಮೇಡಂ. ಮೊದಲ ನನಗೂ ಹಂಗ ಅನಿಸಿತ್ತು."

ಅಲ್ಫಿಯಾ ಚಿತ್ರ ತೆಗೆದಳು. ಕೈ ಸರಿಯಾಗಿ ಕೂತಿರಲಿಲ್ಲವೆಂದು ಮತ್ತೊಮ್ಮೆ ತೆಗೆಯಬೇಕಾಯಿತು. ಅಷ್ಟು ವರ್ಷಗಳಲ್ಲಿ ಹಾಗಾದದ್ದು ಅದೇ ಮೊದಲು. ಪಕ್ಕದ ಕೋಣೆಯಿಂದ ಇಣುಕಿದ ಸಹೋದ್ಯೋಗಿ ಗಾರ್ಗಿ, "ಯಾಕ, ಬಿಪಿ ಏನರ ಇಳದೈತೇನು?" ಎಂದು ಕೇಳಿದಳು. ಅಲ್ಫಿಯಾ ನೀರು ಕುಡಿದು ಮುಂದಿನ ರೋಗಿಯನ್ನು ಕರೆದಳು.

ಒಂದೆರಡು ಮಾತಿನಲ್ಲಿ ಹೇಳುವಂಥದಲ್ಲ ಅದು. ಅದಕ್ಕೆ ಇಪ್ಪತ್ತು ವರ್ಷ ಹಿಂದೆ ಹೋಗಬೇಕು.

ಆಗ ಅವರ ಮನೆ ಹುಬ್ಬಳ್ಳಿಯ ಉಣಕಲ್ಲಿನ ಹಳೆಯ ಓಣಿಯಲ್ಲಿತ್ತು. ತಂದೆ ಅಮೀನಸಾಬನದು ಪಂಪ್‌ಸೆಟ್ ರಿಪೇರಿ ಅಂಗಡಿ. "ಹದಿನಾಲ್ಕರ ಪಾನಾ ತಾ" ಎಂದರೆ ಕಣ್ಣು ಮುಚ್ಚಿ ತಂದುಕೊಡುವಷ್ಟು ಅಲ್ಫಿಯಾ ಆ ಎಣ್ಣೆ ವಾಸನೆಯಲ್ಲೇ ಬೆಳೆದಿದ್ದಳು. ಅಣ್ಣ ಅಸದನಿಗಾಗಿ ತಂದ ಹಳೆಯ ಕಂಪ್ಯೂಟರಿನಲ್ಲಿ ಬ್ಲ್ಯಾಕ್ ಕೆನಾಲ್ ಎಂಬ ಆಟವಿತ್ತು. ಆಡುವವನು ಅದರಲ್ಲಿ ಒಬ್ಬ ಸಿಪಾಯಿ. ದಾರಿಯಲ್ಲಿ ಅವನ ದೋಣಿ ಕೆಟ್ಟಾಗ ನೆರಿಸ್ಕಾ ಎಂಬ ಹೆಂಗಸು ಎಲ್ಲಿಂದಲೋ ಬಂದು ಸರಿಮಾಡಿಕೊಟ್ಟು ಹೋಗುತ್ತಾಳೆ. ಹೆಚ್ಚು ಮಾತಿಲ್ಲ, ಕಥೆಯಿಲ್ಲ. ಅಸದ ಮತ್ತವನ ಗೆಳೆಯರು ಸಿಪಾಯಿಯ ಬಂದೂಕು ನೋಡುತ್ತಿದ್ದರು, ಅಲ್ಫಿಯಾ ಅವಳ ಪಾನಾ ನೋಡುತ್ತಿದ್ದಳು. ಕೈಗೆ ಗ್ರೀಸು ಹತ್ತಿದ ಹೆಂಗಸನ್ನು ಆಕೆ ಅದುವರೆಗೆ ಯಾವ ಪರದೆಯ ಮೇಲೂ ಕಂಡಿರಲಿಲ್ಲ.

ಚಿಕ್ಕಪ್ಪನ ಮಗ ಇಸ್ತಿಯಾಕ ಬಸ್ ನಿಲ್ದಾಣದ ಹತ್ತಿರ ಸೈಬರ್ ಕೆಫೆ ಇಟ್ಟಿದ್ದ. ಪುಕ್ಕಟೆ ಜಾಗ ಕೊಡುವ ಒಂದು ತಾಣದಲ್ಲಿ ಅವಳಿಗೊಂದು ವೆಬ್‌ಸೈಟ್ ಮಾಡಿಕೊಳ್ಳಲು ಕಲಿಸಿದವನು ಅವನೇ. ಕಪ್ಪು ಹಿನ್ನೆಲೆ, ಹಳದಿ ಅಕ್ಷರ, ಮೂಲೆಯಲ್ಲಿ ಮಿಣುಕುವ ಪಾನಾ. ಹೆಸರು, 'ನೆರಿಸ್ಕಾಳ ಮನೆ'. ಆಟದಲ್ಲಿ ಇಲ್ಲದ್ದನ್ನೆಲ್ಲ ಅಲ್ಫಿಯಾ ತನ್ನ ಕಾಲೇಜು ಇಂಗ್ಲಿಷಿನಲ್ಲಿ ಅಲ್ಲಿ ತುಂಬಿದಳು. ನೆರಿಸ್ಕಾಳ ಅಪ್ಪ ಎಂಜಿನ್ ರಿಪೇರಿಯವನು. ತಾಯಿ ಕಾಲುವೆಯ ದಂಡೆಯಲ್ಲಿ ರೊಟ್ಟಿ ಬಡಿಯುತ್ತಾಳೆ. ಕೆಲಸ ಮಾಡುವಾಗ ತಾಯಿ ಮಗಳು ಇಬ್ಬರೂ ಒಂದೇ ಹಾಡು ಗುನುಗುತ್ತಾರೆ.

ಹಾಡೂ ಬೇಕಲ್ಲ. ಒಂದು ಮಧ್ಯಾಹ್ನ ಇಸ್ತಿಯಾಕನಿಂದ ಮೈಕು ಇಸಿದುಕೊಂಡು ಬಂದು, ರೊಟ್ಟಿ ಬಡಿಯುತ್ತ ಕುಳಿತ ತಾಯಿಯ ಮುಂದೆ ಹಿಡಿದಿದ್ದಳು. ಮನೆಯಲ್ಲಿ ಉರ್ದು, ಕನ್ನಡ ಎರಡೂ ಕಲಸಿದ ಮಾತು. ಆದರೆ ಅಬೀದಾ ನವಲಗುಂದದ ಕಡೆಯ ಹಳ್ಳಿಯಲ್ಲಿ ಹುಟ್ಟಿದವಳು, ಹಾಡೆಂದರೆ ಅವಳಿಗೆ ಕನ್ನಡವೇ. ಮಕ್ಕಳನ್ನು ಮಲಗಿಸಲು ಹಾಡುತ್ತಿದ್ದ, ತಾನೇ ಕಟ್ಟಿದ ಜೋಗುಳವನ್ನೇ ಹಾಡಿದಳು:

ತಡಿ ತಡಿ ಬಸ್ಸೇ, ನಿಂದರ ಬಸ್ಸೇ,
ಕೂಸು ಮಲಗೇತಿ, ನನ್ನ ಕೂಸು ಮಲಗೇತಿ,
ಎದ್ದ ಮ್ಯಾಲ ಇಳಿತೇವ.

ಬಸ್ಸಿಗೂ ಜೋಗುಳಕ್ಕೂ ಏನು ಸಂಬಂಧ ಎಂದು ಅಲ್ಫಿಯಾ ಎಂದೂ ಯೋಚಿಸಿರಲಿಲ್ಲ. ಅಮ್ಮಿಯ ತಮಾಷೆ ಎಂದುಕೊಂಡಿದ್ದಳು. ಹಾಡನ್ನು ಫ್ಲಾಪಿಯಲ್ಲಿ ಒಯ್ದು ಸೈಟಿಗೆ ಏರಿಸಿದಳು. ಕೆಲವು ತಿಂಗಳು ಎಲ್ಲೆಲ್ಲಿಂದಲೋ ಜನ ಬಂದು 'ಚೆನ್ನಾಗಿದೆ' ಎಂದು ಬರೆದು ಹೋದರು. ಆಮೇಲೆ ಪರೀಕ್ಷೆ, ಕೆಲಸ, ಮದುವೆ. ಪುಕ್ಕಟೆ ಜಾಗ ಕೊಟ್ಟಿದ್ದ ತಾಣ ಮುಚ್ಚಿಹೋಯಿತು, ಸೈಟೂ ಹೋಯಿತು. ಕಿಡ್ನಿ ಕೆಟ್ಟು ಅಮ್ಮಿಯೂ ಹೋದಳು. ಆಕೆಯದೊಂದು ಫೋಟೊ ಉಳಿಯಿತು, ದನಿ ಉಳಿಯಲಿಲ್ಲ. ಆ ಕಂಪ್ಯೂಟರು ಯಾವಾಗಲೋ ಗುಜರಿಗೆ ಹೋಗಿತ್ತು.

ಆ ಸಂಜೆ ಚಿಗರಿ ಎಂಬ ಸಿಟಿ ಬಸ್ಸಿನಲ್ಲಿ ನವನಗರದ ಮನೆಗೆ ಮರಳುವಾಗ ಅಲ್ಫಿಯಾ ಕಿವಿಗೆ ವೈರು ಸಿಕ್ಕಿಸಿಕೊಂಡು ಹುಡುಕಿದಳು. ಅಭಿಮಾನಿಗಳು ಸೇರಿ ಕಟ್ಟಿದ ಮಾಹಿತಿ ಪುಟದಲ್ಲಿ ನೆರಿಸ್ಕಾಳ ಜೀವನಚರಿತ್ರೆ ಇತ್ತು. ರಿಪೇರಿಯ ಅಪ್ಪ, ರೊಟ್ಟಿಯ ತಾಯಿ. ವಾಕ್ಯಗಳು ಅವಳವೇ, ಕಾಗುಣಿತದ ತಪ್ಪುಗಳ ಸಮೇತ. ಹಾಡಿನ ಬಗ್ಗೆ ಬೇರೆಯೇ ಪುಟ. 'ಮೂಲ ಆಟದಲ್ಲಿ ಬಳಸದೆ ಬಿಟ್ಟ ಧ್ವನಿ. ಹಾಡಿದವರು ಯಾರೆಂದು ತಿಳಿದಿಲ್ಲ.' ಏಳೇ ಸೆಕೆಂಡಿನ ತುಣುಕು, ಯಾರೋ ಅವಳ ಸೈಟಿನಿಂದ ಕತ್ತರಿಸಿ, ಗದ್ದಲವನ್ನೆಲ್ಲ ತೆಗೆದು ತೊಳೆದದ್ದು. ಕೊರಿಯಾದವನೊಬ್ಬ ಅದನ್ನು ಕೊಳಲಿನಲ್ಲಿ ನುಡಿಸಿದ್ದ. ಯಾರೋ ಮದುವೆಯಲ್ಲಿ ಹಾಡಿದ್ದರು. ಒಬ್ಬಾಕೆ ತೋಳಿನ ಮೇಲೆ 'ತಡಿ ತಡಿ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹಚ್ಚೆ ಹಾಕಿಸಿಕೊಂಡಿದ್ದಳು.

ಇಳಿಯುವ ನಿಲ್ದಾಣ ದಾಟಿಹೋಗಿದ್ದು ಅವಳಿಗೆ ಗೊತ್ತಾಗಲೇ ಇಲ್ಲ.

ಗಂಡ ತನ್ವೀರ ಪಿಯು ಕಾಲೇಜಿನಲ್ಲಿ ಲೆಕ್ಕ ಕಲಿಸುವವನು. ಯಾವುದನ್ನೂ ಎರಡು ಸಲ ಕೇಳಿಯೇ ನಂಬುವವನು. ಅವನು ಮೂರು ಸಲ ಕೇಳಿದ.

"ಅಂದ್ರ ನಿಮ್ಮ ಅಮ್ಮಿ ಹಾಡಿದ್ದನ್ನ ಜಗತ್ತೇ ಹಾಡಾಕತ್ತೇತಿ?"

"ಹೌದ್ರಿ."

"ನೀ ವೆಬ್‌ಸೈಟ್ ಮಾಡಿದ್ದಿ ಅಂತ ಒಂದು ದಿನಾನೂ ಹೇಳಿಲ್ಲಲ್ಲ."

"ಹೇಳೂವಂಥಾದ್ದು ಏನಿತ್ರಿ ಅದರಾಗ? ಹುಡುಗಾಟ ಇತ್ತು."

ತನ್ವೀರ ಒಳಕೋಣೆಯ ಕಡೆ ನೋಡಿದ. ಅಮೀನಸಾಬ ಈಗ ಮಗಳ ಮನೆಯಲ್ಲೇ ಇದ್ದ. ಬೆಳಿಗ್ಗೆ ಅಸದನ ಅಂಗಡಿಗೆ ಹೋಗಿ ಒಂದೆರಡು ಮೋಟಾರು ಬಿಚ್ಚಿ ಬಂದರೇ ಅವನಿಗೆ ಊಟ ಸೇರುವುದು. "ಮಾಮಾಗ ಹೇಳೂಣೇನು?" ಎಂದ ತನ್ವೀರ. ಅಲ್ಫಿಯಾ ಬೇಡವೆಂದಳು. ಏಳು ಸೆಕೆಂಡಿನ ಆ ತೊಳೆದ ತುಣುಕನ್ನು ಕೇಳಿಸಿ ಅಬ್ಬಾನ ಜೀವ ಹಿಂಡುವುದು ಬೇಡ.

ಮತ್ತೆ ಸೈಟು ಕಟ್ಟುವುದೆಂದು ಆಕೆ ಮರುದಿನವೇ ಠರಾಯಿಸಿದಳು. ಹಳೆಯ ಹೆಸರು ಇನ್ನೂ ಯಾರ ಪಾಲೂ ಆಗಿರಲಿಲ್ಲ. ತನ್ವೀರ ಕೊಂಡುಕೊಟ್ಟ. ಕಪ್ಪು ಹಿನ್ನೆಲೆ, ಹಳದಿ ಅಕ್ಷರ, ಮಿಣುಕುವ ಪಾನಾ. ನೆನಪಿದ್ದಷ್ಟನ್ನು ಹಾಗೆಯೇ ಕೂಡಿಸಿದಳು. ಮೊದಲ ಪುಟದಲ್ಲಿ ಬರೆದಳು: 'ಈ ಮನೆಯನ್ನು ಇಪ್ಪತ್ತು ವರ್ಷದ ಹಿಂದೆ ಕಟ್ಟಿದವಳು ನಾನು. ಆ ಹಾಡು ಆಟದ್ದಲ್ಲ. ಹಾಡಿದವರು ನನ್ನ ತಾಯಿ ಅಬೀದಾ. ಭಾಷೆ ಕನ್ನಡ. ಊರು ಹುಬ್ಬಳ್ಳಿ.'

ಜನ ಬಂದರು. ಬಂದವರು ಕುಟುಕಿದರು. 'ಇನ್ನೊಬ್ಬಳು ಬಂದಳು ನೋಡಿ.' 'ಹೊಸ ಆಟ ಬರುತ್ತಿದೆ ಎಂದಾಗ ಎಲ್ಲರ ತಾಯಂದಿರೂ ಹಾಡುತ್ತಾರೆ.' 'ಪುರಾವೆ ಎಲ್ಲಿ?' ಒಬ್ಬ ಅಬೀದಾಳ ಹೆಸರು ಹಿಡಿದು ಕೆಟ್ಟದಾಗಿ ಬರೆದಿದ್ದನ್ನು ಓದಿ ಅಲ್ಫಿಯಾ ಮೊಬೈಲನ್ನು ಮಂಚದ ಮೇಲೆ ಬಿಸಾಕಿ ಎದ್ದು ಹೋದಳು. ಎಂದೂ ಹೊಲಸು ಮಾತಾಡದ ತನ್ವೀರ ಅಂದು ಆಡಿದ, ಆಮೇಲೆ ಹೇಳಿದ:

"ತೆಗದುಬಿಡು ಅಲ್ಫಿಯಾ. ಯಾಂವ ಯಾಂವನೋ ಸತ್ತವರ ಹೆಸರಿಗೆ ಕೈ ಹಚ್ಚಬಾರದು."

ತೆಗೆಯಬೇಕೆಂದೇ ಆಕೆ ಕುಳಿತಿದ್ದಳು. ಆಗ ಒಂದು ಮೇಲ್ ಬಂತು. ಬರೆದವಳ ಹೆಸರು ಮರಿಸೊಲ್. ಚಿಲಿ ಎಂಬ ದೇಶದ ಒಂದು ಬಂದರಿನಲ್ಲಿ ಇರುವವಳು. ಇಂಗ್ಲಿಷು ಅಲ್ಫಿಯಾಳ ಇಂಗ್ಲಿಷಿನ ಹಾಗೆಯೇ, ತಡವರಿಸಿ ತಡವರಿಸಿ ನಡೆಯುವಂಥದು. 'ನನಗೆ ಆಗ ಹದಿಮೂರು. ನಮ್ಮ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಗ್ರಂಥಾಲಯದಿಂದ ನಿನ್ನ ಇಡೀ ಸೈಟನ್ನು ಸಿಡಿಗೆ ಇಳಿಸಿಕೊಂಡು ಮನೆಗೆ ಒಯ್ದಿದ್ದೆ. ಮನೆ ಬದಲಿಸಿದಾಗಲೆಲ್ಲ ಅದನ್ನು ಒಯ್ದಿದ್ದೇನೆ. ಇದು ನಿನ್ನದು, ತೆಗೆದುಕೋ.'

ಕೆಳಗೆ ಒಂದು ಕಡತ. ಬಿಚ್ಚಿದರೆ ಇಡೀ ಮನೆಯೇ ಅದರೊಳಗಿತ್ತು. ಪುಟಗಳು, ಚಿತ್ರಗಳು, ಆಕೆಯೇ ಮರೆತ ಮುಜುಗರದ ಕವಿತೆಗಳು. ಮತ್ತು ಹಾಡು. ಏಳು ಸೆಕೆಂಡಲ್ಲ, ಪೂರ್ತಿ.

ಅಲ್ಫಿಯಾ ಒತ್ತಿದಳು. ಮೊದಲು ರೊಟ್ಟಿ ಬಡಿಯುವ ಸದ್ದು, ತಟ್ ತಟ್ ತಟ್. ಆಮೇಲೆ ಅಮ್ಮಿ. ತೊಳೆಯದ ದನಿ, ಸ್ವಲ್ಪ ಗೊಗ್ಗರು, ಎರಡನೆಯ ಸಾಲಿನಲ್ಲಿ ಉಸಿರು ಕಡಿಮೆಯಾಗಿ ನುಂಗಿಕೊಳ್ಳುವ ಆ ರೀತಿ. ಹಾಡು ಮುಗಿದ ಮೇಲೂ ಮೈಕು ನಡೆದೇ ಇತ್ತು.

"ಆತೇನವಾ? ಇದನ್ನ ಯಾರು ಕೇಳ್ತಾರ?" ಎಂದಿತು ಅಮ್ಮಿಯ ದನಿ.

"ಯಾರೂ ಕೇಳಂಗಿಲ್ಲ ಅಮ್ಮಿ," ಎಂದಿತು ಒಬ್ಬ ಹುಡುಗಿಯ ದನಿ. ಅದು ತನ್ನದೇ ಎಂದು ಗುರುತು ಹತ್ತಲು ಅಲ್ಫಿಯಾಗೆ ಸ್ವಲ್ಪ ಹೊತ್ತು ಬೇಕಾಯಿತು.

ಆಕೆ ನೆಲದ ಮೇಲೆಯೇ ಕುಳಿತಳು. ತನ್ವೀರ ಬಂದು ಪಕ್ಕದಲ್ಲಿ ಕುಳಿತ. ಇನ್ನು ಅಬ್ಬಾನಿಗೆ ಹೇಳದೆ ಇರುವುದು ನ್ಯಾಯವಲ್ಲವೆಂದು ಇಬ್ಬರಿಗೂ ಗೊತ್ತಾಯಿತು.

ಶುಕ್ರವಾರದ ನಮಾಜು ಮುಗಿಸಿ ಬಂದು, ಊಟ ಮಾಡಿ ಅಮೀನಸಾಬ ಗೋಡೆಗೆ ಒರಗಿ ಅಡಿಕೆ ಹಾಕಿಕೊಳ್ಳುತ್ತಿದ್ದ. ಅಲ್ಫಿಯಾ ಎದುರಿಗೆ ಕುಳಿತು ಆಟದ ಕಥೆ, ಸೈಟಿನ ಕಥೆ ಎಲ್ಲ ಹೇಳಿದಳು. ಅವನಿಗೆ ಎಷ್ಟು ತಿಳಿಯಿತೋ. "ಎಂಜಿನ್ ರಿಪೇರಿ ಮಾಡೂ ಹೆಂಗಸೇನು? ಛಲೋ," ಎಂದಷ್ಟೇ ಅಂದ.

"ಅಬ್ಬಾ, ಅದರಾಗ ಅಮ್ಮಿ ದನಿ ಐತ್ರಿ. ಕೇಳ್ತೀರೇನು?"

ಮುದುಕನ ಅಗಿತ ನಿಂತಿತು. "ಫ್ಯಾನ್ ಬಂದ್ ಮಾಡು," ಎಂದ.

ಕೇಳಿದ. ತಟ್ ತಟ್ ಸದ್ದಿಗೇ ಅವನ ಮುಖ ಬದಲಾಯಿತು. ಹಾಡು ಶುರುವಾದಾಗ ಕೈ ಎತ್ತಿ ಗಾಳಿಯಲ್ಲಿ ಏನನ್ನೋ ತಡೆಯುವವನಂತೆ ಹಿಡಿದ, ಆಮೇಲೆ ತೊಡೆಯ ಮೇಲೆ ಇಳಿಸಿದ. ಮುಗಿದ ಮೇಲೆ ಅಡಿಕೆಯ ಚೀಲ ಮಡಿಸಿ ಪಕ್ಕಕ್ಕಿಟ್ಟ. ಅಲ್ಫಿಯಾ ತಾನು ತಪ್ಪು ಮಾಡಿದೆನೇನೋ ಎಂದು ಹೆದರಿದಳು.

"ನಂಗ ಹಾಡತಿದ್ಲಲ್ರಿ ಅಮ್ಮಿ ಇದನ್ನ," ಎಂದಳು. "ನಾ ಸಣ್ಣಾಕಿದ್ದಾಗ."

"ನಿನಗೂ ಹಾಡಿದ್ಲು," ಎಂದ ಅಮೀನಸಾಬ. "ನಿನಗಂತ ಕಟ್ಟಿದ್ದಲ್ಲ ಅದು."

"ಮತ್ತ್ಯಾರಿಗಂತ? ಅಸದಗೇನ್ರಿ?"

"ಅಸದನೂ ಅಲ್ಲ. ನಿಮ್ಮಿಬ್ಬರಕಿಂತ ಮೊದಲ ಒಂದು ಕೂಸಿತ್ತವಾ. ಹೆಣ್ಣುಕೂಸು. ರುಕ್ಸಾನಾ ಅಂತ ಹೆಸರಿಟ್ಟಿದ್ವಿ."

ಅಲ್ಫಿಯಾ ತನ್ವೀರನ ಮುಖ ನೋಡಿದಳು. ಅವನಿಗೂ ಇದು ಹೊಸದು. ಮೂವತ್ತೆಂಟು ವರ್ಷದ ತನ್ನ ಬದುಕಿನಲ್ಲಿ ಆ ಹೆಸರನ್ನು ಮನೆಯವರ ಬಾಯಲ್ಲಿ ಆಕೆ ಒಮ್ಮೆಯೂ ಕೇಳಿರಲಿಲ್ಲ.

ಅಮೀನಸಾಬ ನಿಧಾನವಾಗಿ ಹೇಳಿದ, ಬಿಚ್ಚಿದ ಮೋಟಾರಿನ ಭಾಗಗಳನ್ನು ಒಂದೊಂದಾಗಿ ಬಟ್ಟೆಯ ಮೇಲೆ ಇಡುವವನಂತೆ. ಆಗ ಅವರಿದ್ದದ್ದು ನವಲಗುಂದದ ಕಡೆಯ ಹಳ್ಳಿಯಲ್ಲಿ. ಕೂಸಿಗೆ ಜ್ವರ. ಅಲ್ಲಿನ ಔಷಧಕ್ಕೆ ಬಗ್ಗಲಿಲ್ಲ. ಮೊದಲ ಬಸ್ಸು ಹಿಡಿದು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಹೊರಟರು. ದಾರಿಯುದ್ದಕ್ಕೂ ಅಳುತ್ತಿದ್ದ ಕೂಸು ನವಲಗುಂದ ದಾಟಿದ ಮೇಲೆ ಸುಮ್ಮನಾಯಿತು. ಜ್ವರ ಇಳಿದು ನಿದ್ದೆ ಹತ್ತಿತು ಎಂದು ಅಬೀದಾ ಸೆರಗು ಮುಚ್ಚಿದಳು.

"ಹುಬ್ಬಳ್ಳಿ ಬಂತು. ಎಲ್ಲಾರೂ ಇಳದ್ರು. ಕಂಡಕ್ಟರ್ ಬಂದು, ಇಳೀರವಾ, ಬಸ್ ಡಿಪೋಕ್ಕ ಹೋಗ್ಬೇಕು ಅಂದ. ಈಕಿ, ತಡೀರಿ ಅಣ್ಣಾ, ಕೂಸು ಮಲಗೇತಿ, ಎದ್ದ ಮ್ಯಾಲ ಇಳಿತೇವ ಅಂದ್ಲು. ನಾ ಸೆರಗು ತಗದು ನೋಡಿದೆ. ನನಗ ಗೊತ್ತಾತು. ಕಂಡಕ್ಟರಗೂ ಗೊತ್ತಾತು. ಈಕಿ ಮಾತ್ರ ಹಂಗ ಅನಕೋತ ಕುಂತ್ಲು. ಆ ಮನಷ್ಯಾ ಪಾಪ, ಬಸ್ ಬಿಡಲಿಲ್ಲ. ಡ್ರೈವರಗ ಹೇಳಿ ಬಸ್ ಬಂದ್ ಮಾಡಿಸಿ, ತಾನೂ ಹಿಂದಿನ ಸೀಟನ್ಯಾಗ ಕುಂತ. ಎಷ್ಟೊತ್ತು ಕುಂತ್ವಿ ಗೊತ್ತಿಲ್ಲ."

ತನ್ವೀರ ಎದ್ದು ನೀರು ತಂದುಕೊಟ್ಟ. ಅಮೀನಸಾಬ ಒಂದು ಗುಟುಕು ಕುಡಿದ.

"ಅದನ್ನ ಆಮ್ಯಾಲ ಹಾಡು ಮಾಡಿಕೊಂಡ್ಲು. ಯಾಕ ಮಾಡಿಕೊಂಡ್ಲೋ. ನಾ ಒಮ್ಮೆ, ಬಿಡು ಅದನ್ನ ಅಂದೆ. ಎರಡು ದಿನ ಮಾತಾಡಲಿಲ್ಲ ನನ್ನ ಕೂಡ. ಆಮ್ಯಾಲ ನೀವು ಹುಟ್ಟಿದ್ರಿ. ನಿಮ್ಮನ್ನ ಮಲಗಸಾಕ ಅದನ್ನ ಹಾಡೂವಾಗ ನಾ ಎದ್ದು ಹೊರಗ ಹೋಗತಿದ್ದೆ."

ಅದು ಅಲ್ಫಿಯಾಗೆ ನೆನಪಿತ್ತು. ಅಬ್ಬಾನಿಗೆ ಹಾಡೆಂದರೆ ಆಗುವುದಿಲ್ಲ ಎಂದೇ ಅವರಿಬ್ಬರೂ ತಿಳಿದು ಬೆಳೆದಿದ್ದರು. ಕೊಳಲಿನಲ್ಲಿ ನುಡಿಸಿದವನು, ಮದುವೆಯಲ್ಲಿ ಹಾಡಿದವರು, ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡವಳು ಎಲ್ಲರೂ ಈಗ ಒಮ್ಮೆಲೇ ಆಕೆಯ ಕಣ್ಣಮುಂದೆ ಬಂದರು. ಇದನ್ನು ಅಮ್ಮಿಯ ಬಾಯಿಂದ ತೆಗೆದು ಹೊರಗಿನ ಜಗತ್ತಿಗೆ ಒಯ್ದು ಇಟ್ಟವಳು ತಾನು.

"ಅಬ್ಬಾ, ನಾ ಅದನ್ನೆಲ್ಲಾ ತಗಿಸ್ತೇನಿ. ಕಂಪನಿಗೆ ಬರೀತೇನಿ."

"ಯಾಕ?" ಎಂದ ಅವನು. "ಹಾಡ್ಲಿ ಬಿಡು. ಹಾಡಬ್ಯಾಡ ಅಂತ ಒಮ್ಮೆ ಅಂದು ನೋಡೇನಿ. ನಿಮ್ಮ ಅಮ್ಮಿ ಹೆಸರು ಹಾಕ್ಲಿ ಅಷ್ಟ. ಕೂಸಿನ ಸುದ್ದಿ ಮಾತ್ರ ಬರೀಬ್ಯಾಡ. ಅದು ನಮ್ಮನ್ಯಾಗ ಇರಲಿ."

ಅಲ್ಫಿಯಾ ಹಾಗೆಯೇ ಮಾಡಿದಳು. ಪೂರ್ತಿ ಹಾಡನ್ನು, ರೊಟ್ಟಿಯ ಸದ್ದಿನೊಡನೆ, ಕೊನೆಯ ಮಾತಿನೊಡನೆ ಸೈಟಿಗೆ ಹಾಕಿದಳು. ಕೆಳಗೆ ಅಬೀದಾಳ ಹೆಸರು, ಫೋಟೊ. ಮರಿಸೊಲ್ ತನ್ನ ಹಳೆಯ ಸಿಡಿಯ ಚಿತ್ರ ತೆಗೆದು ಹಾಕಿ ಸಾಕ್ಷಿ ನುಡಿದಳು. ಮೊದಲ ದಿನ ಯಾರೂ ಏನೂ ಬರೆಯಲಿಲ್ಲ. ಎರಡನೆಯ ದಿನ ಯಾರೋ ಆ ಏಳು ಸೆಕೆಂಡನ್ನು ಇದರ ಮೇಲೆ ಇಟ್ಟು ನೋಡಿದರು. ಉಸಿರಿಗೆ ಉಸಿರು ಕೂಡಿತು. ಆಮೇಲೆ ಕಟ್ಟೆ ಒಡೆದಂತೆ ಜನ ಬಂದರು. ಕ್ಷಮೆ ಕೇಳಿದವರು, ಅತ್ತವರು, ಇನ್ನೂ ನಂಬದವರು. ಕೆಟ್ಟದಾಗಿ ಬರೆದಿದ್ದವನು ತನ್ನ ಮಾತನ್ನು ಸದ್ದಿಲ್ಲದೆ ಅಳಿಸಿಕೊಂಡಿದ್ದ. ಆಟದ ಕಂಪನಿಯಿಂದಲೂ ಪತ್ರ ಬಂತು. ಹಳೆಯ ಸಾಮಗ್ರಿಯೆಲ್ಲ ತಮ್ಮಲ್ಲೂ ಕಳೆದುಹೋಗಿತ್ತು, ಎಲ್ಲರಂತೆ ತಾವೂ ಅದು ತಮ್ಮದೇ ಎಂದು ನಂಬಿದ್ದೆವು, ದಯವಿಟ್ಟು ತಾಯಿಯವರ ಹೆಸರಿನ ಕಾಗುಣಿತ ಮತ್ತು ಹಾಡಿನ ಅರ್ಥ ತಿಳಿಸಿ ಎಂದು ಬರೆದಿದ್ದರು.

ಅರ್ಥವನ್ನು ಆಕೆ ಇದ್ದಷ್ಟೇ ಬರೆದಳು. ಸೈಟಿನಲ್ಲೂ ಹಾಕಿದಳು. ನಿಲ್ಲು ಬಸ್ಸೇ, ಮಗು ಮಲಗಿದೆ, ಎದ್ದ ಮೇಲೆ ಇಳಿಯುತ್ತೇವೆ. ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ.

ಜನರಿಗೆ ನಗುವೋ ನಗು. ಬಸ್ಸೇ? ನಾವು ಇಷ್ಟು ವರ್ಷ ನೀರಿನ ದೇವತೆಯೆಂದು ಪೂಜಿಸಿದ್ದು ಒಂದು ಬಸ್ಸನ್ನೇ? ಹಚ್ಚೆಯವಳು ತೋಳಿನ ಪಕ್ಕದಲ್ಲಿ ಪುಟ್ಟ ಬಸ್ಸಿನ ಚಿತ್ರವನ್ನೂ ಸೇರಿಸುತ್ತೇನೆಂದಳು. ಅಲ್ಫಿಯಾ ಅದನ್ನೆಲ್ಲ ಓದುತ್ತ ಹೋದಳು. ನಗುವಂಥದೇ ಎಂದು ಬೇರೆಯವರ ಜಾಗದಲ್ಲಿ ನಿಂತು ಒಪ್ಪಿಕೊಂಡಳು. ಆ ನಗೆಯ ನಡುವೆ ಮರಿಸೊಲ್‌ಳದು ಒಂದು ಸಾಲಿನ ಪ್ರಶ್ನೆಯಿತ್ತು.

'ಆ ಮಗು ಎದ್ದಿತೇ?'

ಅಲ್ಫಿಯಾ ಆ ಸಾಲನ್ನು ಮತ್ತೆ ಓದಿದಳು. ಹುಟ್ಟಿದಾಗಿನಿಂದ ಆ ಹಾಡು ಕೇಳಿ ಬೆಳೆದ ತನಗೆ ಒಮ್ಮೆಯೂ ಹೊಳೆಯದ ಪ್ರಶ್ನೆ. ಬಸ್ಸನ್ನೂ ಕಾಣದ, ಹುಬ್ಬಳ್ಳಿಯನ್ನೂ ಕಾಣದ, ಮೂರು ಸಾಲಿನ ಅರ್ಥ ಮೊದಲ ಸಲ ಓದಿದ ಹೆಂಗಸು ನೇರವಾಗಿ ಅಲ್ಲಿಗೇ ಬಂದು ನಿಂತಿದ್ದಳು. ಅಲ್ಫಿಯಾ ಮೊಬೈಲನ್ನು ಹಿಡಿದುಕೊಂಡು ಹಿತ್ತಲಿಗೆ ಹೋದಳು. ಅಮೀನಸಾಬ ಪಕ್ಕದ ಮನೆಯವರ ಮಿಕ್ಸರನ್ನು ಬಿಚ್ಚಿಕೊಂಡು ಕುಳಿತಿದ್ದ. ಆಕೆ ಓದಿ ಹೇಳಿದಳು.

ಅವನು ಕೈಯನ್ನು ಬಟ್ಟೆಗೆ ಒರೆಸಿಕೊಂಡ. "ಯಾ ಊರಾಕಿ ಈಕಿ?"

"ಭಾಳ ದೂರದಾಕಿ ಅಬ್ಬಾ. ಸಮುದ್ರದ ಆಚೆ."

"ಆಕಿಗೆ ಹೆಂಗ ತಿಳೀತು?"

"ಗೊತ್ತಿಲ್ರಿ."

ಅಮೀನಸಾಬ ಮಿಕ್ಸರಿನ ಒಳಗಿನ ತಾಮ್ರದ ಸುರುಳಿಯನ್ನೇ ನೋಡುತ್ತಿದ್ದ. ಅಲ್ಫಿಯಾ ಇನ್ನೇನು ಹಿಂದಿರುಗಬೇಕು ಎನ್ನುವಾಗ ಹೇಳಿದ:

"ಕೇಳ್ಯಾಳಲ್ಲ. ಹೇಳು ಆಕಿಗೆ. ಇಲ್ಲಂತ ಬರೀ."

ಅಲ್ಫಿಯಾ ಅವನ ಪಕ್ಕದಲ್ಲಿ, ಹಿತ್ತಲ ಕಲ್ಲಿನ ಮೇಲೆ ಕುಳಿತು ಬರೆದಳು. ಮೊದಲು 'ಇಲ್ಲ' ಎಂದು. ಆಮೇಲೆ, ಅಬ್ಬಾನ ಮುಖ ಒಮ್ಮೆ ನೋಡಿ, 'ಅವಳ ಹೆಸರು ರುಕ್ಸಾನಾ' ಎಂದು.